ಹಳೆ ತೆಪ್ಪಕ್ಕೆ ಡಾಂಬರೋ, ಹೊಸ ಫೈಬರೋ?

ಮುಂಗಾರು ಹತ್ತಿರವಾದಂತೆ ತುಂಗಭದ್ರೆಯ ದಂಡೆಯ ಮೀನುಗಾರರ ಮನೆಗಳಲ್ಲಿ ಒಂದು ಲೆಕ್ಕಾಚಾರ ಶುರುವಾಗುತ್ತದೆ. ಬೇಸಿಗೆಯಿಡೀ ಬೋರಲು ಬಿದ್ದ ತೆಪ್ಪಕ್ಕೆ ನಾಲ್ಕು ದಬ್ಬೆ ಬದಲಿಸಿ ಡಾಂಬರು ಬಳಿದರೆ ಸಾಕೇ, ಇಲ್ಲ ಅದರ ಕತೆ ಮುಗಿಯಿತೆಂದು ಹೊಸ ಫೈಬರ್ ಹರಿಗೋಲು ತರುವುದೇ? ಬಳ್ಳಾರಿ ನಗರಕ್ಕೆ ತುಂಗಭದ್ರೆ ಎಂದರೆ ನಲ್ಲಿಯ ನೀರು, ಕುರುಗೋಡಿಗೆ ಕಾಲುವೆಯ ನೀರು. ಸಿರುಗುಪ್ಪಕ್ಕಾದರೆ ಅದು ಹೊಳೆ. ಹಾಗಾಗಿ ಈ ಪ್ರಶ್ನೆಯ ಬಿಸಿ ಹೆಚ್ಚು ತಟ್ಟುವುದು ಅಂಥ ಊರಿಗೇ.

ಈ ಹೊಳೆಗೆ ಹಾಯಿಯ ದೋಣಿ ಒಗ್ಗಲಿಲ್ಲ. ಮೇಲ್ಗಡೆ ಹಂಪಿ, ಆನೆಗೊಂದಿಯಲ್ಲಿ ಬಂಡೆ, ಕೆಳಗೆ ಬಂದರೆ ಮರಳು, ಬೇಸಿಗೆಯಲ್ಲಿ ಮೊಣಕಾಲುದ್ದದ ನೀರು. ತಳ ಚಪ್ಪಟೆಯಾದ, ಮೂತಿಯೂ ಬೆನ್ನೂ ಇಲ್ಲದ ದುಂಡನೆಯ ತೆಪ್ಪವೇ ಇಲ್ಲಿಗೆ ಸರಿ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಇದನ್ನೇ ಕಂಡು ಬರೆದಿಟ್ಟ. ಒಳಗೆ ಹೆಣಿಗೆ, ಹೊರಗೆ ಚರ್ಮ, ಹದಿನೈದು ಇಪ್ಪತ್ತು ಜನರನ್ನು ಹೊರುವ ಬುಟ್ಟಿಯಂಥ ದೋಣಿ, ನೆಟ್ಟಗೆ ಸಾಗದೆ ತಿರುಗುತ್ತಲೇ ಸಾಗುತ್ತದೆ ಎಂದು. ಐನೂರು ವರ್ಷಗಳಲ್ಲಿ ಬದಲಾದದ್ದು ಮುಖ್ಯವಾಗಿ ಹೊದಿಕೆ. ಚರ್ಮ ಹೋಗಿ ಗೋಣಿತಟ್ಟು, ಪ್ಲಾಸ್ಟಿಕ್ ಹಾಳೆ, ಡಾಂಬರು ಬಂದವು.

ತೆಪ್ಪದ ಆಯುಸ್ಸು ಇರುವುದು ಹೊದಿಕೆಯಲ್ಲಲ್ಲ, ಅಂಚಿನಲ್ಲಿ ಮತ್ತು ತಳದಲ್ಲಿ. ತಳದಲ್ಲಿ ಒಂದರ ಮೇಲೊಂದು ಹಾಯುವ ದಬ್ಬೆಗಳು ಭಾರ ಹೊರುತ್ತವೆ. ಅವುಗಳ ತುದಿಗಳನ್ನೆಲ್ಲ ಬಿಗಿದು ಹಿಡಿಯುವುದು ಅಂಚಿನ ದಪ್ಪ ಹೆಣಿಗೆ. ಹೊದಿಕೆ ಹರಿದರೆ ತೇಪೆ ಹಾಕಿ ಕಾಯಿಸಿದ ಡಾಂಬರು ಎಳೆಯಬಹುದು. ಒಂದೆರಡು ದಬ್ಬೆ ಮುರಿದರೆ ಪಕ್ಕದಲ್ಲಿ ಹೊಸದನ್ನು ತೂರಿಸಿ ಕಟ್ಟಬಹುದು. ಆದರೆ ಅಂಚು ಕೊಳೆತಿದ್ದರೆ, ಬಿದಿರಿಗೆ ಕುಟ್ಟೆ ಹಿಡಿದು ಪುಡಿ ಉದುರುತ್ತಿದ್ದರೆ, ಅದಕ್ಕೆ ಬಳಿಯುವ ಡಾಂಬರು ದಂಡ. ಡಾಂಬರಿಗೆ ಇನ್ನೊಂದು ಕೆಟ್ಟ ಗುಣವಿದೆ: ಒಳಗಿನ ಕೊಳೆತವನ್ನು ಅದು ಮುಚ್ಚಿಡುತ್ತದೆ. ಹೊರಗೆ ಮಿರಮಿರ ಮಿಂಚುವ ತೆಪ್ಪವನ್ನು ನಂಬಿ ಹೊಳೆಗಿಳಿಯುವ ಮುನ್ನ ಒಳಗೆ ಕೈಯಾಡಿಸಿ ನೋಡಬೇಕು. ಅಂಚನ್ನು ಒತ್ತಿದರೆ ಬಿದಿರು ಬಾಗಿ ಮತ್ತೆ ನಿಲ್ಲಬೇಕು. ಒತ್ತಿದಲ್ಲೇ ಕುಸಿದರೆ ಅದನ್ನು ಬಿಟ್ಟುಬಿಡಿ.

ಕುಟ್ಟೆ ಹುಳು ಹುಡುಕಿಕೊಂಡು ಬರುವುದು ಬಿದಿರಿನೊಳಗಿನ ಪಿಷ್ಟವನ್ನು. ಕಡಿದ ಬಿದಿರನ್ನು ಹರಿವ ನೀರಿನಲ್ಲಿ ನೆನೆಹಾಕಿದರೆ ಆ ಪಿಷ್ಟ ಕಡಿಮೆಯಾಗುತ್ತದೆ, ಬಾಳಿಕೆ ಹೆಚ್ಚುತ್ತದೆ. ಬಳ್ಳಾರಿಯ ಬಿಸಿಲೂ ಕಡಿಮೆ ಶತ್ರುವಲ್ಲ. ನೆರಳಿಲ್ಲದ ದಂಡೆಯಲ್ಲಿ ಏಪ್ರಿಲ್, ಮೇ ಕಳೆದ ತೆಪ್ಪದ ಡಾಂಬರು ಬಿರುಕು ಬಿಡುತ್ತದೆ, ಮೊದಲ ಮಳೆಯ ನೀರು ಆ ಬಿರುಕಿನಲ್ಲೇ ಬಿದಿರಿಗೆ ಇಳಿಯುತ್ತದೆ. ಬೋರಲು ಹಾಕಿ ನೆರಳಲ್ಲಿಟ್ಟವರ ತೆಪ್ಪಕ್ಕೆ ಅಷ್ಟು ಬೇಗ ಮುಪ್ಪಿಲ್ಲ.

ಫೈಬರ್ ಹರಿಗೋಲು ಕೊಳೆಯುವುದಿಲ್ಲ, ಹುಳು ಹಿಡಿಯುವುದಿಲ್ಲ, ವರ್ಷವರ್ಷ ಡಾಂಬರು ಕೇಳುವುದಿಲ್ಲ. ದಿನವೂ ಬಲೆ ಬಿಡುವವರಿಗೆ ಇದು ದೊಡ್ಡ ಅನುಕೂಲ. ಆದರೆ ಬಂಡೆಗೆ ಬಡಿದಾಗ ಬಿದಿರು ಬಾಗಿ ಪೆಟ್ಟು ನುಂಗುತ್ತದೆ, ಫೈಬರ್ ಸೀಳುತ್ತದೆ. ಆ ಸೀಳನ್ನು ಬೆಸೆಯಲು ರೆಸಿನ್ ಬೇಕು, ಗಾಜಿನೆಳೆಯ ಬಟ್ಟೆ ಬೇಕು, ಅಳತೆ ತಿಳಿದ ಕೈ ಬೇಕು. ಬಿದಿರ ತೆಪ್ಪವಾದರೆ ದಂಡೆಯಲ್ಲೇ ದುರಸ್ತಿಯಾಗುತ್ತದೆ, ಕೂಲಿಯೂ ಊರಲ್ಲೇ ಉಳಿಯುತ್ತದೆ. ಹೆಣೆಯುವ ಕೈಗಳು ಕಡಿಮೆಯಾಗುತ್ತಿರುವುದು ನನ್ನನ್ನು ನಿಜಕ್ಕೂ ಚಿಂತೆಗೀಡುಮಾಡುತ್ತದೆ. ಹೆಣಿಗೆ ಬಲ್ಲವರಿಲ್ಲದ ಊರಲ್ಲಿ ದುರಸ್ತಿಯ ಮಾತೇ ಏಳುವುದಿಲ್ಲ.

ಹಳತನ್ನು ಉಳಿಸಿಕೊಳ್ಳುವುದು ಈ ಸೀಮೆಗೆ ಹೊಸದೇನಲ್ಲ. ವಿಜಯನಗರ ಕಾಲದ ಕಾಲುವೆಗಳನ್ನು ಮತ್ತೆ ಮತ್ತೆ ಸರಿಪಡಿಸಿಕೊಂಡು ಸಿರುಗುಪ್ಪದಲ್ಲಿ ಭತ್ತ ಬೆಳೆಯುತ್ತಾರೆ. ಆದರೆ ಉಳಿಸಿಕೊಳ್ಳುವುದಕ್ಕೂ ಒಂದು ಗಡಿ ಇದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟಿನ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋಯಿತು. ಆಮೇಲೆ ತಜ್ಞರು 33 ಗೇಟುಗಳನ್ನೂ ಬದಲಿಸಬೇಕೆಂದರು. ಅಲ್ಲಿ ತೇಪೆಯ ಕಾಲ ಮುಗಿದಿತ್ತು.

ನನ್ನ ನಿಲುವು ಇಷ್ಟು. ಅಂಚು, ತಳ ಗಟ್ಟಿಯಿದ್ದರೆ ಹಳೆ ತೆಪ್ಪವನ್ನೇ ಸರಿಪಡಿಸಿ. ಹೊಸದಕ್ಕೆ ಸಾಲ ಮಾಡಬೇಡಿ. ಜನರನ್ನು ದಾಟಿಸುವ ತೆಪ್ಪವಾದರೆ ಅನುಮಾನ ಬಂದ ದಿನವೇ ಬದಲಿಸಿ, ಹಳೆಯದಿರಲಿ ಹೊಸದಿರಲಿ ಜೀವರಕ್ಷಕ ಜಾಕೆಟ್ ಇಲ್ಲದೆ ಯಾರನ್ನೂ ಹತ್ತಿಸಬೇಡಿ. ಮೀನುಗಾರಿಕೆ ಇಲಾಖೆ ಹೊಸ ಹರಿಗೋಲಿಗೆ ನೆರವು ಕೊಡುವುದು ಒಳ್ಳೆಯದೇ. ಅದರ ಜೊತೆಗೆ ಮುಂಗಾರಿಗೆ ಮುಂಚೆ ಸಿರುಗುಪ್ಪದ ಹೊಳೆದಂಡೆಯಲ್ಲಿ ತೆಪ್ಪಗಳ ತಪಾಸಣೆ, ದುರಸ್ತಿಯ ಶಿಬಿರವೊಂದನ್ನು ನಡೆಸಲಿ, ಹೆಣಿಗೆ ಬಲ್ಲ ಹಿರಿಯರಿಗೆ ಸಂಭಾವನೆ ಕೊಟ್ಟು ಹುಡುಗರಿಗೆ ಆ ಕೆಲಸ ಕಲಿಸಲಿ.