ಎಕ್ಸ್-ರೇ ಹೊತ್ತಿಗೆ ಡಾಕ್ಟರು ಹೊರಗೇಕೆ ಹೋಗುತ್ತಾರೆ?

ಹಲ್ಲಿನ ಡಾಕ್ಟರು ಬಾಯೊಳಗೆ ಸೆನ್ಸರ್ ಇಟ್ಟು, 'ಅಲ್ಲಾಡಬೇಡಿ' ಎಂದು ಹೇಳಿ, ತಾವು ಬಾಗಿಲಾಚೆ ಸರಿದುಬಿಡುತ್ತಾರೆ. ಕುರ್ಚಿಯಲ್ಲಿ ಕೂತವರಿಗೆ ದಿಗಿಲು ಹುಟ್ಟುವುದೇ ಆಗ: ಅವರಿಗೆ ಆಗದ್ದು ನನಗೆ ಆದೀತೇ?

ಒಂದೆರಡು ಹಲ್ಲುಗಳ ಚಿಕ್ಕ ಎಕ್ಸ್-ರೇಯಿಂದ ನಮಗೆ ತಗಲುವುದು ಸುಮಾರು 5 ಮೈಕ್ರೋಸೀವರ್ಟ್ ವಿಕಿರಣ. ಮಣ್ಣು, ಬಂಡೆ, ಗಾಳಿ, ಆಕಾಶದಿಂದ ವರ್ಷಕ್ಕೆ ಸರಾಸರಿ 2,400 ಮೈಕ್ರೋಸೀವರ್ಟ್ ಹೇಗೂ ಬರುತ್ತಲೇ ಇರುತ್ತದೆ. ಅಂದರೆ ಆ ಚಿತ್ರದ ಪಾಲು ಒಂದು ದಿನದ ಸಹಜ ವಿಕಿರಣಕ್ಕಿಂತಲೂ ಕಡಿಮೆ. ನಮಗೆ ಅದು ಎಂದೋ ಒಮ್ಮೆ. ಡಾಕ್ಟರಿಗೆ ದಿನವೂ, ವರ್ಷಗಟ್ಟಲೆ. ರೋಗಿಯ ಮುಖಕ್ಕೆ ಬಡಿದು ಚದುರುವ ಕಿರಣ ಅವರನ್ನು ತಾಗಬಾರದು. ದೂರ ಎರಡು ಪಟ್ಟಾದರೆ ವಿಕಿರಣ ಕಾಲುಭಾಗಕ್ಕೆ ಇಳಿಯುತ್ತದೆ.

ಈ ಎಚ್ಚರವನ್ನು ಕಲಿಸಿದ್ದು ಅಮೆರಿಕದ ನ್ಯೂ ಆರ್ಲಿಯನ್ಸ್‌ನ ದಂತವೈದ್ಯ ಎಡ್ಮಂಡ್ ಕೆಲ್ಸ್ ಅವರಂಥವರ ನೋವು. 1896ರಲ್ಲೇ ಅವರು ಹಲ್ಲಿನ ಎಕ್ಸ್-ರೇ ತೆಗೆಯತೊಡಗಿದ್ದರು. ಆಗಿನ ಟ್ಯೂಬುಗಳು ಒಂದೇ ಸಮನೆ ಕೆಲಸ ಮಾಡುತ್ತಿರಲಿಲ್ಲ. ಹಾಗಾಗಿ ತಮ್ಮ ಕೈಯನ್ನೇ ಅಡ್ಡ ಹಿಡಿದು, ಪರದೆಯ ಮೇಲೆ ಮೂಳೆ ನಿಚ್ಚಳವಾಗಿ ಕಾಣುವ ತನಕ ಹೊಂದಿಸುತ್ತಿದ್ದರು. ವರ್ಷಗಳ ನಂತರ ಆ ಕೈಗೆ ಕ್ಯಾನ್ಸರ್ ಬಂತು. ಮೊದಲು ಬೆರಳುಗಳು, ಆಮೇಲೆ ಅಂಗೈ, ಕೊನೆಗೆ ತೋಳನ್ನೇ ಕತ್ತರಿಸಬೇಕಾಯಿತು. 1928ರಲ್ಲಿ ತೀರಿಕೊಂಡರು. ಮಗು ಸೆನ್ಸರನ್ನು ಕಚ್ಚಿ ಹಿಡಿಯುವುದಿಲ್ಲವೆಂದು ಸಹಾಯಕಿ ಬೆರಳಿನಿಂದ ಒತ್ತಿ ಹಿಡಿಯುವುದು ಎಲ್ಲಾದರೂ ಕಂಡರೆ ನನಗೆ ಆ ಕೈಯೇ ನೆನಪಾಗುತ್ತದೆ. ಅದಕ್ಕೆಂದೇ ಹೋಲ್ಡರ್ ಇದೆ. ಸಿಬ್ಬಂದಿಯ ಬೆರಳು ಅಲ್ಲಿ ಇರಲೇಕೂಡದು.

ಸೀಸದ ಏಪ್ರನ್ ಹೊದಿಸಲಿಲ್ಲವೆಂದು ಕೆಲವರು ಸಿಟ್ಟಾಗುತ್ತಾರೆ. ಈಗಿನ ಯಂತ್ರಗಳಲ್ಲಿ ಕಿರಣದ ಹರವು ತುಂಬ ಕಿರಿದಾದ್ದರಿಂದ ಏಪ್ರನ್, ಕತ್ತಿನ ಪಟ್ಟಿ ವಾಡಿಕೆಯಾಗಿ ಬೇಡವೆಂದು ಅಮೆರಿಕದ ದಂತವೈದ್ಯ ಸಂಘ 2024ರಲ್ಲಿ ಹೇಳಿದೆ. ಆಯತಾಕಾರದ ಕಿಂಡಿಯಿಂದ ಕಿರಣವನ್ನು ಇನ್ನಷ್ಟು ಬಿಗಿಗೊಳಿಸುವುದು, ಒಂದೇ ಸಲಕ್ಕೆ ಸರಿಯಾದ ಚಿತ್ರ ತೆಗೆಯುವುದು ಏಪ್ರನ್‌ಗಿಂತ ಹೆಚ್ಚು ಕಾಪಾಡುತ್ತವೆ.

ನಿಜವಾಗಿ ಪ್ರಶ್ನೆ ಕೇಳಬೇಕಾದದ್ದು ಸಿಬಿಸಿಟಿ ಸ್ಕ್ಯಾನ್, ಅಂದರೆ ಹಲ್ಲು-ದವಡೆಯ ಮೂರು ಆಯಾಮದ ಎಕ್ಸ್-ರೇ, ಬರೆದುಕೊಟ್ಟಾಗ. ಅದರ ವಿಕಿರಣ ಚಿಕ್ಕ ಎಕ್ಸ್-ರೇಯ ಹತ್ತಾರು ಪಟ್ಟು ಇರಬಹುದು, ಕೆಲವೊಮ್ಮೆ ನೂರು ಪಟ್ಟನ್ನೂ ಮೀರಬಹುದು. ಇಂಪ್ಲಾಂಟ್ ಕೂರಿಸುವ ಮುನ್ನ, ನರಕ್ಕೆ ಅಂಟಿಕೊಂಡ ಬುದ್ಧಿಹಲ್ಲು ಕೀಳುವ ಮುನ್ನ ಅದು ಬೇಕಾದೀತು; ಮಾಮೂಲಿ ತಪಾಸಣೆಗೆ, ಅದರಲ್ಲೂ ಮಕ್ಕಳಿಗೆ, ಬೇಡ. ಕ್ಲಿನಿಕ್ ಬದಲಿಸುವಾಗ ಹಳೆಯ ಚಿತ್ರಗಳನ್ನು ಮೊಬೈಲಿಗೆ ಕಳಿಸಿಕೊಳ್ಳಿ. ಹೊಸ ಡಾಕ್ಟರಿಗೆ ಅವೇ ಸಾಕಾಗಲೂಬಹುದು.