ಕೈ ಕಲಿತ ಗಣಿತ: ಪಿಯಾನೊ ವಾದಕ ವಿಜಯ್ ಅಯ್ಯರ್

ಪಿಯಾನೊದ ಮಟ್ಟಿಗೆ ವಿಜಯ್ ಅಯ್ಯರ್ ಬಹುಪಾಲು ಏಕಲವ್ಯರು. ಮೂರನೆಯ ವಯಸ್ಸಿನಿಂದ ಹದಿನೈದು ವರ್ಷ ಅವರು ಕ್ರಮವಾಗಿ ಪಾಠ ಹೇಳಿಸಿಕೊಂಡದ್ದು ಪಿಟೀಲಿಗೆ, ಅದೂ ಪಾಶ್ಚಾತ್ಯ ಶಾಸ್ತ್ರೀಯ ಪದ್ಧತಿಯಲ್ಲಿ. ಪಿಯಾನೊವನ್ನು ಕಿವಿಯಲ್ಲಿ ಹಿಡಿದು ಬೆರಳಿನಲ್ಲಿ ಹುಡುಕಿದರು. ಇಂದು ಜಾಝ್ ಲೋಕದ ಮುಂಚೂಣಿಯ ಪಿಯಾನೊ ವಾದಕರನ್ನು ಹೆಸರಿಸುವಾಗ ಅವರನ್ನು ಬಿಡುವಂತಿಲ್ಲ. ಬೆರಳು ತಾನಾಗಿ ಕಲಿತದ್ದರಲ್ಲಿಯೂ ಆಲೋಚನೆಯಿದೆ ಎಂಬುದನ್ನು ಅವರ ಸಂಗೀತ ಮೂರು ದಶಕಗಳಿಂದ ತೋರಿಸುತ್ತ ಬಂದಿದೆ.

ಅಮೆರಿಕಕ್ಕೆ ವಲಸೆ ಹೋದ ತಮಿಳು ದಂಪತಿಯ ಮಗನಾಗಿ 1971ರಲ್ಲಿ ನ್ಯೂಯಾರ್ಕ್ ರಾಜ್ಯದ ಆಲ್ಬನಿಯಲ್ಲಿ ಹುಟ್ಟಿದ ವಿಜಯ್, ಯೇಲ್ ವಿಶ್ವವಿದ್ಯಾಲಯದಲ್ಲಿ ಓದಿದ್ದು ಗಣಿತ ಮತ್ತು ಭೌತವಿಜ್ಞಾನ. ಭೌತವಿಜ್ಞಾನದಲ್ಲೇ ಪಿಎಚ್.ಡಿ. ಮಾಡಲು ಬರ್ಕ್ಲಿಗೆ ಹೋದರು. ಆದರೆ ಅಲ್ಲಿನ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿ ಪ್ರದೇಶದ ಕ್ಲಬ್ಬುಗಳಲ್ಲಿ ಹಿರಿಯ ಆಫ್ರಿಕನ್ ಅಮೆರಿಕನ್ ಸಂಗೀತಗಾರರ ಜೊತೆ ನುಡಿಸುತ್ತ ನುಡಿಸುತ್ತ ಪ್ರಯೋಗಶಾಲೆಯ ನಂಟು ಸಡಿಲವಾಯಿತು. ಸ್ಯಾಕ್ಸೊಫೋನ್ ವಾದಕ ಸ್ಟೀವ್ ಕೋಲ್‌ಮನ್, ಟ್ರೊಂಬೋನ್ ವಾದಕ ಹಾಗೂ ವಿದ್ವಾಂಸ ಜಾರ್ಜ್ ಲೂಯಿಸ್ ದಾರಿ ತೋರಿದರು. ಮೊದಲ ಆಲ್ಬಂ ‘ಮೆಮೊರೊಫಿಲಿಯಾ’ ಬಂದದ್ದು 1995ರಲ್ಲಿ.

ಭೌತವಿಜ್ಞಾನ ಬಿಟ್ಟರೂ ಅವರು ಸಂಶೋಧನೆ ಬಿಡಲಿಲ್ಲ. 1998ರಲ್ಲಿ ಅವರಿಗೆ ಪಿಎಚ್.ಡಿ. ತಂದುಕೊಟ್ಟ ಪ್ರಬಂಧದ ವಿಷಯ ಸಂಗೀತ ಮತ್ತು ದೇಹ. ಪಶ್ಚಿಮ ಆಫ್ರಿಕಾದ ಮತ್ತು ಆಫ್ರಿಕನ್ ಅಮೆರಿಕನ್ ಸಂಗೀತದ ಲಯವನ್ನು ಬರೆದಿಟ್ಟ ಸ್ವರಲಿಪಿಯಿಂದ ಮಾತ್ರ ತಿಳಿಯಲಾಗದು, ನಡಿಗೆ, ಉಸಿರು, ಮಾತು, ಕೈಚಳಕ ಇವುಗಳಿಂದಲೇ ಅದು ಮೂಡುತ್ತದೆ ಎಂಬುದು ಅಲ್ಲಿನ ವಾದ. ಡ್ರಮ್ ಬಾರಿಸುವವರ ಪಾದ ಬಾಸ್ ಡ್ರಮ್ಮನ್ನು ನೋಡಿಕೊಂಡರೆ ಕೈ ಸ್ನೇರ್ ಡ್ರಮ್ಮನ್ನು ನೋಡಿಕೊಳ್ಳುತ್ತದೆ. ಆ ಸ್ನೇರ್ ಪೆಟ್ಟು ಎಣಿಕೆಯ ಜಾಗಕ್ಕಿಂತ ಸೆಕೆಂಡಿನ ನೂರನೆಯ ಕೆಲವು ಭಾಗಗಳಷ್ಟು ತಡವಾಗಿ ಬೀಳುವುದುಂಟು. ಯಂತ್ರದ ಲೆಕ್ಕದಲ್ಲಿ ಅದು ತಪ್ಪು, ಕುಣಿಯುವ ಮೈಗೆ ಅದೇ ಹಿತ. ಸಂಗೀತ ಕೇಳುವಾಗ ನುಡಿಸುವ ಆ ಕೈಕಾಲುಗಳನ್ನೂ ನಾವು ಒಳಗೊಳಗೇ ಊಹಿಸಿಕೊಳ್ಳುತ್ತೇವೆ ಎನ್ನುತ್ತಾರೆ ವಿಜಯ್.

ಈ ವಿಚಾರ ಅವರ ನುಡಿಸಾಣಿಕೆಯಲ್ಲಿ ಹೇಗೆ ಇಳಿಯಿತೆಂದು ತಿಳಿಯಲು 2009ರ ‘ಹಿಸ್ಟಾರಿಸಿಟಿ’ ಆಲ್ಬಂ ಕೇಳಬೇಕು. ಅದರಲ್ಲಿ ಆರ್ಗನ್ ವಾದಕ ರಾನಿ ಫಾಸ್ಟರ್ ಅವರ ‘ಮಿಸ್ಟಿಕ್ ಬ್ರೂ’ ಎಂಬ ಹಳೆಯ ರಚನೆಯ ಮರುರೂಪವಿದೆ. ಲಯದ ಗಿಡ್ಡ ಭಾಗಕ್ಕೂ ಉದ್ದ ಭಾಗಕ್ಕೂ ಇರುವ ಅನುಪಾತ ಇಲ್ಲಿ 3, 5, 8, 13 ಎಂಬ ಫಿಬೊನಾಚಿ ಸಂಖ್ಯೆಗಳ ಜಾಡು ಹಿಡಿಯುತ್ತದೆ. ಛಂದಸ್ಸು ಓದಿದ ಕನ್ನಡಿಗರಿಗೆ ಈ ಸಂಖ್ಯೆಗಳು ಹೊಸವಲ್ಲ. ಲಘು ಗುರುಗಳನ್ನು ಜೋಡಿಸಿದರೆ ಮೂರು ಮಾತ್ರೆಯ ಗಣ 3 ಬಗೆ, ನಾಲ್ಕು ಮಾತ್ರೆಯದು 5 ಬಗೆ, ಐದು ಮಾತ್ರೆಯದು 8 ಬಗೆ. ಫಿಬೊನಾಚಿಗಿಂತ ಮೊದಲೇ ಹೇಮಚಂದ್ರನಂಥ ಛಂದಶ್ಶಾಸ್ತ್ರಜ್ಞರು ಈ ಸರಣಿಯನ್ನು ಕಂಡುಕೊಂಡಿದ್ದರು. ಪದ್ಯ ಕಟ್ಟುವವರ ನಾಲಗೆಯಲ್ಲಿದ್ದ ಗಣಿತ ವಿಜಯ್ ಅವರ ಕೈಯಲ್ಲಿ ಪಿಯಾನೊದ ಮೇಲೆ ಆಡುತ್ತದೆ.

ಆ ಆಲ್ಬಂನಲ್ಲಿ ಅವರ ಜೊತೆಗಿದ್ದವರು ಬಾಸ್ ವಾದಕ ಸ್ಟೆಫಾನ್ ಕ್ರಂಪ್ ಮತ್ತು ಡ್ರಮ್ಮರ್ ಮಾರ್ಕಸ್ ಗಿಲ್ಮೋರ್. ಜಾಝ್ ತ್ರಿವಳಿಯಲ್ಲಿ ಸಾಮಾನ್ಯವಾಗಿ ವಸ್ತುವನ್ನು ಮೊದಲು ನುಡಿಸಿ, ನಂತರ ಒಬ್ಬರು ಅದರ ಮೇಲೆ ಮನೋಧರ್ಮಕ್ಕೆ ಇಳಿದರೆ ಉಳಿದವರು ಪಕ್ಕವಾದ್ಯವಾಗುತ್ತಾರೆ. ಈ ಮೂವರಲ್ಲಿ ಪಕ್ಕವಾದ್ಯ ಎಂಬುದಿಲ್ಲ. ಬಾಸ್ ಮುಂದೆ ಬಂದರೆ ಪಿಯಾನೊ ಒಂದೇ ವರಸೆಯನ್ನು ಬಿಡದೆ ಹಿಡಿದು ನಿಲ್ಲುತ್ತದೆ, ಡ್ರಮ್ ಹೊರಳಿದರೆ ಇಬ್ಬರೂ ಹೊರಳುತ್ತಾರೆ. 2021ರ ‘ಅನೀಸಿ’ಯಲ್ಲಿ ಲಿಂಡಾ ಮೇ ಹಾನ್ ಓ ಮತ್ತು ಟೈಶಾನ್ ಸೋರಿ ಜೊತೆಯಾದಾಗಲೂ ಈ ಸಮಾನತೆ ಉಳಿಯಿತು.

ಭಾರತದ ನಂಟನ್ನು ವಿಜಯ್ ಅಲಂಕಾರಕ್ಕೆ ಬಳಸಿದವರಲ್ಲ. ‘ತೀರ್ಥ’ (2011) ಆಲ್ಬಂನಲ್ಲಿ ಕರ್ನಾಟಕ ಸಂಗೀತವನ್ನು ಗಿಟಾರ್‌ನಲ್ಲಿ ನುಡಿಸುವ ಪ್ರಸನ್ನ ಮತ್ತು ತಬಲಾ ವಾದಕ ನಿತಿನ್ ಮಿತ್ತಾ ಅವರೊಡನೆ ಸರಿಸಮ ಕೂತು ನುಡಿಸಿದರು. ಅವರ ಬಹುಕಾಲದ ಜೊತೆಗಾರ ಸ್ಯಾಕ್ಸೊಫೋನ್ ವಾದಕ ರುದ್ರೇಶ್ ಮಹಾಂತಪ್ಪ. ಕದ್ರಿ ಗೋಪಾಲನಾಥ್ ಅವರೊಂದಿಗೆ ‘ಕಿನ್ಸ್‌ಮೆನ್’ ಆಲ್ಬಂ ಮಾಡಿದವರು ಇವರೇ. ಭಾರತೀಯ ಭಾಷೆಗಳನ್ನಾಡುವವರ ಮಾತಿನ ಏರಿಳಿತವನ್ನು ಸ್ವರಕ್ಕಿಳಿಸಿದ ರುದ್ರೇಶ್ ಅವರ ‘ಮದರ್ ಟಂಗ್’ (2004) ಆಲ್ಬಂನಲ್ಲಿ ‘ಕನ್ನಡ’ ಎಂಬ ಹೆಸರಿನದೇ ಒಂದು ರಚನೆಯಿದೆ, ಆ ಆಲ್ಬಂನ ಪಿಯಾನೊ ವಿಜಯ್ ಅವರದು. 2016ರಲ್ಲಿ ಕಹಳೆ ವಾದಕ ವಾಡಾಡ ಲಿಯೊ ಸ್ಮಿತ್ ಜೊತೆ ನುಡಿಸಿದ ಒಂದು ದೀರ್ಘ ಕೃತಿಗೆ ಬರೋಡಾದ ಚಿತ್ರಕಲಾವಿದೆ ನಸ್ರೀನ್ ಮೊಹಮದಿಯವರ ರೇಖೆಗಳೇ ಪ್ರೇರಣೆ.

ಜಾಝ್ ಆಫ್ರಿಕನ್ ಅಮೆರಿಕನ್ನರ ನೋವು ಮತ್ತು ಹೋರಾಟದಿಂದ ಬಂದ ಸಂಗೀತ. ಅದರ ಋಣವನ್ನು ವಿಜಯ್ ಮರೆತಿಲ್ಲ. ಕಂದು ಬಣ್ಣದ ಪ್ರಯಾಣಿಕರನ್ನು ವಿಮಾನ ನಿಲ್ದಾಣಗಳು ಶಂಕೆಯಿಂದ ಕಾಣುವ ಬಗೆಯ ಮೇಲೆ ಕವಿ ಮೈಕ್ ಲ್ಯಾಡ್ ಜೊತೆಗೂಡಿ ‘ಇನ್ ವಾಟ್ ಲ್ಯಾಂಗ್ವೇಜ್?’ ಕಟ್ಟಿದರು. ವಿಷಮಯ ನೀರು ಕುಡಿಯಬೇಕಾಗಿ ಬಂದ ಅಮೆರಿಕದ ಫ್ಲಿಂಟ್ ಊರಿನ ಮಕ್ಕಳಿಗಾಗಿ ‘ಚಿಲ್ಡ್ರನ್ ಆಫ್ ಫ್ಲಿಂಟ್’ ರಚಿಸಿದರು. 2013ರಲ್ಲಿ ಮ್ಯಾಕ್‌ಆರ್ಥರ್ ಫೆಲೋಶಿಪ್ ಪಡೆದ ಅವರು 2014ರಿಂದ ಹಾರ್ವರ್ಡ್‌ನಲ್ಲಿ ಪ್ರಾಧ್ಯಾಪಕರು.

ಮೊದಲ ಸಲ ಕೇಳುವವರು ‘ಹಿಸ್ಟಾರಿಸಿಟಿ’ಯಿಂದ ತೊಡಗಬಹುದು. ಕಛೇರಿಯಲ್ಲಿ ಕೂತು ತಾಳ ಹಾಕುವ ರೂಢಿಯುಳ್ಳವರಿಗೆ ಒಂದು ಅನುಕೂಲವಿದೆ: ಕೈಯನ್ನು ಸುಮ್ಮನಿರಿಸಬೇಡಿ. ಎಣಿಕೆ ತಪ್ಪಿದಾಗ ಮತ್ತೆ ಹಿಡಿಯಿರಿ. ನಾಲ್ಕಾರು ಸಲ ಕೇಳುವಷ್ಟರಲ್ಲಿ ಬುದ್ಧಿಗಿಂತ ಮೊದಲು ಕೈಗೆ ಲಯ ಸಿಕ್ಕಿರುತ್ತದೆ. ವಿಜಯ್ ಅಯ್ಯರ್ ಪ್ರಬಂಧದಲ್ಲಿ ವಾದಿಸಿದ್ದನ್ನು ಕೇಳುಗರು ತಮ್ಮ ಮೈಯಲ್ಲೇ ಪರೀಕ್ಷಿಸಿ ನೋಡುವ ಬಗೆ ಇದು.