ನೊರೆ ಎದ್ದರೆ ಕೊಳೆ ಹೋಯಿತೇ?

ಮಳೆಗಾಲ ಕಳೆಯುವಷ್ಟರಲ್ಲಿ ಮಕ್ಕಳ ಸ್ಕೂಲ್ ಬ್ಯಾಗಿಗೆ ಮುಗ್ಗಲು ವಾಸನೆ ಹಿಡಿದಿರುತ್ತದೆ. ಅದಕ್ಕೆ ಈಗ ಎಲ್ಲೆಡೆ ಕೇಳಿಬರುವ ಮನೆಮದ್ದು, ಅಡುಗೆ ಸೋಡಾಕ್ಕೆ ವಿನೆಗರ್ ಸುರಿದು ಬುರುಬುರು ನೊರೆ ಎಬ್ಬಿಸಿ ಉಜ್ಜುವುದು. ಎರಡೂ ಒಳ್ಳೆಯ ಪದಾರ್ಥಗಳೇ. ಆದರೆ ಒಂದು ಕ್ಷಾರ, ಇನ್ನೊಂದು ಆಮ್ಲ. ಕೂಡಿದೊಡನೆ ಎರಡರ ಗುಣವೂ ಅಳಿಯುತ್ತದೆ. ನೊರೆಯಾಗಿ ಕಾಣುವುದು ಇಂಗಾಲದ ಡೈಆಕ್ಸೈಡ್. ಅದು ಹಾರಿಹೋದ ಮೇಲೆ ಉಳಿಯುವುದು ಸೋಡಿಯಂ ಅಸಿಟೇಟ್ ಕರಗಿದ ನೀರು, ಅದಕ್ಕೆ ಜಿಡ್ಡು ತೆಗೆಯುವ ಶಕ್ತಿ ಇಲ್ಲವೆಂದೇ ಹೇಳಬೇಕು. ಆ ಗುಳ್ಳೆಗಳು ಕೊಳೆಯನ್ನು ಸಡಿಲಿಸುವುದಿಲ್ಲವೇ ಎಂದು ಕೇಳಬಹುದು. ಅಷ್ಟು ಸಡಿಲಿಸಲು ಹಳೆಯ ಹಲ್ಲುಜ್ಜುವ ಬ್ರಷ್ಷೇ ಸಾಕು, ಎರಡು ಪದಾರ್ಥ ಹಾಳುಮಾಡಬೇಕಿಲ್ಲ.

ಬೇರೆಬೇರೆಯಾಗಿ ಬಳಸಿದರೆ ಇವೇ ಪದಾರ್ಥಗಳು ಚೆನ್ನಾಗಿ ದುಡಿಯುತ್ತವೆ. ಬೆವರನ್ನು ಬ್ಯಾಕ್ಟೀರಿಯಾಗಳು ಒಡೆದಾಗ ಹುಟ್ಟುವ ಆಮ್ಲಗಳೇ ಬೆನ್ನಿಗೆ ತಾಗುವ ಭಾಗದ ಕಮಟಿಗೆ ಮುಖ್ಯ ಕಾರಣ. ಅಲ್ಲಿ ಒಣ ಸೋಡಾ ಉದುರಿಸಿ, ರಾತ್ರಿಯಿಡೀ ಬಿಟ್ಟು ಕೊಡವಿದರೆ ವಾಸನೆ ತಗ್ಗುತ್ತದೆ. ಬೂಷ್ಟು ಹಿಡಿದ ಕಡೆ ಮೊದಲು ಮನೆಯ ಹೊರಗೆ ಒಣ ಬ್ರಷ್ಷಿನಿಂದ ಕೊಡವಿ, ಆಮೇಲೆ ನೀರು ಬೆರೆಸಿದ ವಿನೆಗರ್ ಒರೆಸಬೇಕು. ಇನ್ನು ಜಿಡ್ಡು ಮತ್ತು ಮಣ್ಣಿಗೆ ನಮ್ಮ ಅಂಟುವಾಳವೇ ಸರಿಯಾದ ಆಯ್ಕೆ. ಅದರ ಸಿಪ್ಪೆಯಲ್ಲಿರುವ ಸಪೋನಿನ್‌ನಲ್ಲಿ ಸೋಪಿನಂತೆಯೇ ಒಂದು ತುದಿ ನೀರಿಗೆ, ಇನ್ನೊಂದು ತುದಿ ಎಣ್ಣೆಗೆ ಒಲಿಯುತ್ತದೆ. ಬೀಜ ತೆಗೆದ ಕಾಯಿಗಳನ್ನು ರಾತ್ರಿ ನೆನೆಹಾಕಿ, ಬೆಳಗ್ಗೆ ಕುದಿಸಿ ಸೋಸಿ, ತಣಿದ ಮೇಲೆ ಬಳಸಬೇಕು. ರಸ ಕಂದು ಬಣ್ಣದ್ದು. ಬಿಳಿಯ ಅಥವಾ ತಿಳಿಬಣ್ಣದ ಬಟ್ಟೆಗೆ ಬೇಡ.

ಡಿಟರ್ಜೆಂಟ್ ಪುಡಿಯಲ್ಲಿ ನೆನೆಸಿ ಮೆಷಿನ್ನಿಗೆ ಹಾಕಿದರೆ ಇಷ್ಟೆಲ್ಲ ರಗಳೆ ಏಕೆ ಎಂಬುದು ನ್ಯಾಯವಾದ ಪ್ರಶ್ನೆ. ಹತ್ತಿಯ ಚೀಲವಾದರೆ ಹಾಗೆಯೇ ಮಾಡಬಹುದು. ಆದರೆ ಶಾಲೆಯ ಬ್ಯಾಗುಗಳು ಸಾಮಾನ್ಯವಾಗಿ ಪಾಲಿಯೆಸ್ಟರ್ ಅಥವಾ ನೈಲಾನಿನವು. ನೀರು ಇಳಿಯದಂತೆ ಅವುಗಳ ಒಳಮೈಗೆ ಹೆಚ್ಚಾಗಿ ಪಾಲಿಯುರೆಥೇನ್ ಲೇಪ ಕೊಟ್ಟಿರುತ್ತಾರೆ. ಬಿಸಿನೀರು, ತೀಕ್ಷ್ಣವಾದ ಡಿಟರ್ಜೆಂಟ್ ಪುಡಿ, ಗಂಟೆಗಟ್ಟಲೆ ನೆನೆಸುವುದು, ಇವು ಆ ಲೇಪವನ್ನು ಬೇಗ ಸವೆಸುತ್ತವೆ. ಬ್ಯಾಗಿನೊಳಗೆ ಹೊಟ್ಟಿನಂತೆ ಉದುರುವುದು ಅದೇ. ತಣ್ಣೀರು, ಮೃದುವಾದ ಅಂಟುವಾಳದ ರಸ, ಕೊಳೆ ಇದ್ದಲ್ಲಷ್ಟೇ ಕೈ: ಬ್ಯಾಗು ಬಾಳುವುದು ಹೀಗೆ.

ಹಾಗೆಂದು ಅಡುಗೆಮನೆಯದೆಲ್ಲ ನಿರಪಾಯವೆಂದಾಗಲಿ, ಎಲ್ಲ ಕಲೆಗೂ ಮದ್ದೆಂದಾಗಲಿ ನಂಬಬಾರದು. ನಿಂಬೆರಸ ಕೆಲವು ಬಣ್ಣಗಳನ್ನು ಮಾಸಿಸುತ್ತದೆ, ಕಾಣದ ಮೂಲೆಯಲ್ಲಿ ಮೊದಲು ಪರೀಕ್ಷಿಸಬೇಕು. ಬಾಲ್‌ಪೆನ್ ಶಾಯಿಗೆ ಅಂಟುವಾಳವೂ ಸೋಲುತ್ತದೆ. ಆಲ್ಕೋಹಾಲ್ ಇರುವ ಸ್ಯಾನಿಟೈಸರ್‌ನಲ್ಲಿ ಹತ್ತಿ ಅದ್ದಿ, ಒತ್ತಿ ತೆಗೆಯುವುದೇ ದಾರಿ. ಡಬ್ಬಿಯಿಂದ ಚೆಲ್ಲಿದ ಸಾರಿನ ಅರಿಶಿನ ಕಲೆಗೆ ಸೋಡಾ ತಾಗಿಸಿದರೆ ಕೆಂಪೇರಿ ಗಾಬರಿ ಹುಟ್ಟಿಸುತ್ತದೆ. ಜಿಡ್ಡು ತೊಳೆದು, ಆ ಭಾಗವನ್ನಷ್ಟೇ ಬಿಸಿಲಿಗೆ ತಿರುಗಿಸಿಟ್ಟರೆ ಅರಿಶಿನದ ಬಣ್ಣವಾದ ಕರ್ಕ್ಯುಮಿನ್ ಬೆಳಕಿಗೆ ಒಡೆದು ಹಳದಿ ತಾನಾಗಿ ಮಂಕಾಗುತ್ತದೆ. ಉಳಿದಂತೆ ಬ್ಯಾಗನ್ನು ನೆರಳಲ್ಲಿ, ಜಿಪ್ಪುಗಳೆಲ್ಲ ತೆರೆದು, ತಲೆಕೆಳಗಾಗಿ ನೇತುಹಾಕಬೇಕು. ಹೆಗಲಪಟ್ಟಿಯೊಳಗಿನ ಸ್ಪಂಜು ಬಟ್ಟೆಗಿಂತ ತಡವಾಗಿ ಒಣಗುತ್ತದೆ. ಹಿಂಡಿದಾಗ ಅಲ್ಲಿ ಇನ್ನೂ ತೇವ ತಾಗಿದರೆ ಪುಸ್ತಕ ತುಂಬಬೇಡಿ, ಮುಗ್ಗಲು ಮತ್ತೆ ಶುರುವಾಗುವುದು ಅಲ್ಲಿಂದಲೇ.